ಡೆಫ್‌ಬ್ಲೈಂಡ್ ಜನರನ್ನು ಸರಕಾರಿ ತೀರ್ಮಾನಗಳಲ್ಲಿ ಸೇರಿಸಿಕೊಳ್ಳುವುದು ಹೇಗೆ: ಉಡುಪಿ-ಮಂಗಳೂರು ಸೀಮೆಗೊಂದು ಮಾರ್ಗದರ್ಶಿ

ಸಭಾಂಗಣದಲ್ಲಿ ಎಲ್ಲವೂ ಇತ್ತು. ವೇದಿಕೆಯ ಬಲಗಡೆ ಸಂಜ್ಞಾ ಭಾಷೆಯ ದುಭಾಷಿ, ಬಾಗಿಲಲ್ಲಿ ರ್‍ಯಾಂಪ್, ಒಳ್ಳೆಯ ಮೈಕು, ಮೇಜಿನ ಮೇಲೆ ನಾಲ್ಕು ಬ್ರೈಲ್ ಪ್ರತಿ. ವಿಕಲಚೇತನರ ಅಹವಾಲು ಕೇಳುವ ಸಭೆ ಅದು, ಉಡುಪಿ ಜಿಲ್ಲೆಯಲ್ಲೇ, ಕೆಲವು ವರ್ಷಗಳ ಹಿಂದೆ. ಮೂರನೇ ಸಾಲಿನಲ್ಲಿ ಬ್ರಹ್ಮಾವರ ಕಡೆಯ ಒಬ್ಬರು ತಮ್ಮನ ಜತೆ ಕೂತಿದ್ದರು. ಹುಟ್ಟಿನಿಂದ ಕಿವಿ ಕೇಳದು, ಮೂವತ್ತು ದಾಟಿದ ಮೇಲೆ ಕಣ್ಣೂ ಹೋಗಿತ್ತು. ಬ್ರೈಲ್ ಕಲಿತವರಲ್ಲ, ದುಭಾಷಿ ಕಾಣುವುದಿಲ್ಲ. ಎರಡು ಗಂಟೆ ಅವರ ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಇದ್ದವು. ಕೊನೆಗೆ ಹಾಜರಿ ಪುಸ್ತಕ ಬಂತು. ತಮ್ಮ ಅಣ್ಣನ ಬೆರಳು ಹಿಡಿದು ಸಹಿ ಹಾಕಿಸಿದ. ಇಡೀ ಸಭೆಯಲ್ಲಿ ಆ ಕೈಗೆ ಸಿಕ್ಕಿದ್ದು ಒಂದು ಪೆನ್ನು ಮಾತ್ರ.

ಸಂಘಟಕರಲ್ಲಿ ನಾನೂ ಒಬ್ಬಳು. ವರದಿಯಲ್ಲಿ "ಎಲ್ಲ ವಿಧದ ವಿಕಲಚೇತನರ ಅಭಿಪ್ರಾಯ ಪಡೆಯಲಾಯಿತು" ಎಂದು ಬರೆದವಳೂ ನಾನೇ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪಂಚಾಯತಿನ ಪಿಡಿಒ, ಸಂಘ-ಸಂಸ್ಥೆಯವರು, ಇಲಾಖೆಯಲ್ಲಿ ಕೂತವರು, ಆಸ್ಪತ್ರೆ ನಡೆಸುವವರು, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಹಂತ 1: ಯಾರ ಬಗ್ಗೆ ಮಾತಾಡುತ್ತಿದ್ದೇವೆ ಎಂದು ಮೊದಲು ತಿಳಿಯಿರಿ

ಡೆಫ್‌ಬ್ಲೈಂಡ್ ಅಂದರೆ ಕಿವಿ, ಕಣ್ಣು ಎರಡರಲ್ಲೂ ಕೊರತೆ ಇರುವವರು. ಪೂರ್ತಿ ಕತ್ತಲೆ, ಪೂರ್ತಿ ಮೌನ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿರುವವರು ಕಡಿಮೆ. ಹೆಚ್ಚಿನವರಿಗೆ ಸ್ವಲ್ಪ ಕಾಣುತ್ತದೆ, ಇಲ್ಲವೇ ಸ್ವಲ್ಪ ಕೇಳುತ್ತದೆ. ಆದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುವಷ್ಟು ಅಲ್ಲ. ಕಣ್ಣು ಕಾಣದವರು ಕಿವಿಯನ್ನು ನಂಬುತ್ತಾರೆ, ಕಿವಿ ಕೇಳದವರು ಕಣ್ಣನ್ನು. ಇವರಿಗೆ ಎರಡನ್ನೂ ನಂಬುವ ಹಾಗಿಲ್ಲ. ಹಾಗಾಗಿ ಕುರುಡರಿಗೆ ಮಾಡಿದ್ದು, ಕಿವುಡರಿಗೆ ಮಾಡಿದ್ದು ಎರಡನ್ನೂ ಕೂಡಿಸಿದರೂ ಇವರಿಗೆ ತಲುಪುವುದಿಲ್ಲ. ನಮ್ಮ ಆ ಸಭೆಯಲ್ಲಿ ಆದದ್ದು ಅದೇ.

ನನ್ನ ಲೆಕ್ಕದಲ್ಲಿ ಮೂರು ಗುಂಪು, ಮೂವರ ಮಾತೂ ಬೇರೆ ಬೇರೆ. ಹುಟ್ಟಿನಿಂದಲೇ ಎರಡೂ ಇಲ್ಲದ ಮಕ್ಕಳು: ಬಸುರಿನಲ್ಲಿ ತಾಯಿಗೆ ರುಬೆಲ್ಲಾ ಬಂದದ್ದು, ದಿನ ತುಂಬುವ ಮೊದಲೇ ಹೆರಿಗೆಯಾದದ್ದು ಇಲ್ಲಿ ದೊಡ್ಡ ಕಾರಣಗಳು. (ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಕರ್ನಾಟಕದಲ್ಲಿ ನಡೆದದ್ದು 2017ರ ಫೆಬ್ರವರಿಯಲ್ಲಿ. ಅದಕ್ಕೆ ಮೊದಲು ಹುಟ್ಟಿದ ಮಕ್ಕಳಲ್ಲಿ ಹಲವರು ಈಗ ಹೈಸ್ಕೂಲು, ಕಾಲೇಜು ವಯಸ್ಸಿನವರು.) ಎರಡನೆಯವರು ಅಷರ್ ಸಿಂಡ್ರೋಮ್ ಇರುವವರು: ಕಿವಿ ಮೊದಲೇ ಕೇಳದು ಅಥವಾ ಮಂದ, ಹರೆಯದಲ್ಲಿ ಇರುಳುಗಣ್ಣು ಶುರುವಾಗಿ ನೋಟ ಸುತ್ತಲಿಂದ ಕುಗ್ಗುತ್ತಾ ಕೊಳವೆಯಲ್ಲಿ ನೋಡಿದ ಹಾಗಾಗುತ್ತದೆ. ಮೂರನೆಯವರು ಮನೆಯ ಅಜ್ಜ-ಅಜ್ಜಿಯರು. ಇವರೇ ಸಂಖ್ಯೆಯಲ್ಲಿ ಹೆಚ್ಚು, ಆದರೆ "ಪ್ರಾಯ ಆಯ್ತಲ್ಲ" ಅಂದುಬಿಡುತ್ತೇವೆ.

ಕಾನೂನು ಇವರನ್ನು ಬಿಟ್ಟಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ, ಬಹುವಿಧ ವೈಕಲ್ಯದ ಕೆಳಗೆ ಡೆಫ್‌ಬ್ಲೈಂಡ್‌ನೆಸ್ ಹೆಸರು ಹೇಳಿಯೇ ಇದೆ. ಅದೇ ಕಾಯ್ದೆ "ಸಂವಹನ" ಎಂಬುದರ ಅರ್ಥ ಹೇಳುವಾಗ ಸ್ಪರ್ಶದ ಸಂವಹನವನ್ನೂ ಸೇರಿಸಿದೆ. ಭಾರತ 2007ರ ಅಕ್ಟೋಬರ್ 1ರಂದು ಒಪ್ಪಿದ ವಿಶ್ವಸಂಸ್ಥೆಯ ಒಡಂಬಡಿಕೆಯ 4ನೇ ವಿಧಿಯ 3ನೇ ಭಾಗವಂತೂ ವಿಕಲಚೇತನರಿಗೆ ಸಂಬಂಧಪಟ್ಟ ಕಾನೂನು, ನೀತಿ ಮಾಡುವಾಗ ಅವರ ಸಂಘಟನೆಗಳ ಮೂಲಕ ಅವರನ್ನೇ ಕೇಳಬೇಕು, ತೊಡಗಿಸಬೇಕು ಎನ್ನುತ್ತದೆ. ಅರ್ಜಿ ಬರೆಯುವಾಗ ಈ ಮೂರು ಸಾಲು ಸಾಕು. ಉಳಿದ ಕಲಂಗಳನ್ನು ಉದುರಿಸುತ್ತಾ ಕೂತರೆ ಓದುವ ಅಧಿಕಾರಿ ಪುಟ ಮಗುಚುತ್ತಾರೆ.

ಹಂತ 2: ಹುಡುಕಿ, ಯಾಕೆಂದರೆ ಪಟ್ಟಿಯಲ್ಲಿ ಸಿಗುವುದಿಲ್ಲ

"ನಮ್ಮ ಪಂಚಾಯತಿನಲ್ಲಿ ಅಂಥವರು ಯಾರೂ ಇಲ್ಲ ಮೇಡಂ." ಈ ಮಾತು ಕೇಳದ ಪಂಚಾಯತಿ ಇಲ್ಲ. 2011ರ ಜನಗಣತಿಯಲ್ಲಿ ಎಂಟು ವಿಧ ಕೇಳಿದ್ದರು, ಡೆಫ್‌ಬ್ಲೈಂಡ್ ಬೇರೆಯಾಗಿ ಇರಲಿಲ್ಲ. ಡೆಫ್‌ಬ್ಲೈಂಡ್ ಜನರ ವಿಶ್ವ ಒಕ್ಕೂಟ 2018ರ ವರದಿಯಲ್ಲಿ ಜನಸಂಖ್ಯೆಯ ಶೇ. 0.2ರಿಂದ ಶೇ. 2ರಷ್ಟು ಜನ ಎಂದು ಅಂದಾಜಿಸಿದೆ. ಕೆಳಗಿನ ಅಂಕಿಯನ್ನೇ ಹಿಡಿಯಿರಿ. 2011ರಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,77,361, ದಕ್ಷಿಣ ಕನ್ನಡದ್ದು 20,89,649. ಗುಣಿಸಿದರೆ ಎರಡು ಜಿಲ್ಲೆ ಸೇರಿ ಆರೂವರೆ ಸಾವಿರ. ಇದು ಎಣಿಸಿದ ಸಂಖ್ಯೆ ಅಲ್ಲ, ಅಂದಾಜಿನ ಮೇಲೆ ಅಂದಾಜು. ಆದರೂ "ಯಾರೂ ಇಲ್ಲ" ಎಂಬ ಮಾತನ್ನು ನಿಲ್ಲಿಸಲು ಸಾಕು.

ಪಂಚಾಯತಿನ ವಿಆರ್‌ಡಬ್ಲ್ಯೂ (ವಿಕಲಚೇತನರ ಗ್ರಾಮೀಣ ಪುನರ್ವಸತಿ) ಕಾರ್ಯಕರ್ತರನ್ನು ಹಿಡಿಯಿರಿ, ಆಶಾ ಕಾರ್ಯಕರ್ತೆಯರನ್ನು ಕೇಳಿ. ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನಲ್ಲಿ ಹೆಚ್ಚಾಗಿ ಒಂದೇ ವಿಧ ಬರೆದಿರುತ್ತದೆ, ಯಾಕೆಂದರೆ ಕಣ್ಣಿನ ಡಾಕ್ಟರು ಕಣ್ಣು ನೋಡಿದರು, ಕಿವಿಯನ್ನು ಯಾರೂ ಕೇಳಲಿಲ್ಲ. ಕಣ್ಣಿನ ಕ್ಯಾಂಪಿನಲ್ಲಿ ಕಿವಿಯ ಪ್ರಶ್ನೆ, ಶ್ರವಣ ಸಾಧನ ಹಂಚುವಲ್ಲಿ ಕಣ್ಣಿನ ಪ್ರಶ್ನೆ ಕೇಳುವ ಅಭ್ಯಾಸ ಮಾಡಿಸಿ. "ಕಣ್ಣು ಸರಿ ಉಂಟಾ?" ಅಂದರೆ "ಉಂಟು" ಎಂದೇ ಉತ್ತರ. ಬೇರೆ ಥರ ಕೇಳಬೇಕು. ಕತ್ತಲಾದ ಮೇಲೆ ಟಾರ್ಚಿಲ್ಲದೆ ಅಂಗಳಕ್ಕೆ ಇಳಿಯುತ್ತಾರಾ? ಬಡಿಸಿದ ಎಲೆಯ ಬದಿಯಲ್ಲಿರುವ ಉಪ್ಪಿನಕಾಯಿ ಕಾಣುತ್ತದಾ? ಎಲ್ಲಕ್ಕಿಂತ ಕೆಲಸಕ್ಕೆ ಬಂದ ಪ್ರಶ್ನೆ ಒಂದಿದೆ: ಆಟಕ್ಕೆ ಹೋಗುವುದನ್ನು ಯಾವ ವರ್ಷ ಬಿಟ್ಟರು, ಯಾಕೆ ಬಿಟ್ಟರು? ಯಕ್ಷಗಾನದ ಹುಚ್ಚಿದ್ದ ಅಜ್ಜ ಬಯಲಾಟಕ್ಕೆ ಹೋಗುವುದು ನಿಲ್ಲಿಸಿದ್ದರೆ ಚೆಂಡೆ ಕೇಳುತ್ತಿಲ್ಲವೋ, ದಾರಿ ಕಾಣುತ್ತಿಲ್ಲವೋ ಎಂಬುದು ಮನೆಯವರ ಬಾಯಿಂದಲೇ ಹೊರಬರುತ್ತದೆ.

ಹಂತ 3: ಕೈಯ ಭಾಷೆ ಯಾವುದೆಂದು ಮನೆಗೇ ಹೋಗಿ ತಿಳಿಯಿರಿ

ನನ್ನನ್ನು ಕೇಳಿದರೆ ಇಡೀ ಕೆಲಸದ ಮುಕ್ಕಾಲು ಪಾಲು ಈ ಹಂತದಲ್ಲೇ ಇದೆ. ಸಭೆಗೆ ಎರಡು ಮೂರು ತಿಂಗಳು ಮೊದಲೇ ಮನೆಗೆ ಹೋಗಬೇಕು, ಒಂದಕ್ಕಿಂತ ಹೆಚ್ಚು ಸಲ.

ಮೊದಲು ಮುಟ್ಟುವ ರೀತಿ. ಹಿಂದಿನಿಂದ ಹೋಗಿ ಹೆಗಲು ಹಿಡಿಯಬೇಡಿ, ಬೆಚ್ಚಿ ಬೀಳುತ್ತಾರೆ. ಮುಂಗೈಯ ಮೇಲೆ ನಿಮ್ಮ ಕೈಯನ್ನು ಮೆಲ್ಲ ಇಟ್ಟು ಕಾಯಿರಿ. ಅವರು ಕೈ ತಿರುಗಿಸಿ ನಿಮ್ಮದನ್ನು ಹುಡುಕಿದರೆ ಮಾತಿಗೆ ಒಪ್ಪಿದ ಹಾಗೆ. ಆಮೇಲೆ ನೀವು ಯಾರೆಂಬ ಗುರುತು ಕೊಡಿ. ನನ್ನ ಗುರುತು ಎಡಗೈಯ ದಪ್ಪ ಬಳೆ. ಅದನ್ನು ಮುಟ್ಟಿಸಿದರೆ ಸಾಕು, ಹೆಸರು ಬರೆಯಬೇಕಾಗಿಲ್ಲ. ಆ ಬಳೆ ತೆಗೆದು ಒಂದು ದಿನ ಹೋಗಿದ್ದೆ, ಅಜ್ಜಿಯೊಬ್ಬರು ಹತ್ತು ನಿಮಿಷ ನನ್ನನ್ನು ಬ್ಯಾಂಕಿನವಳೆಂದೇ ತಿಳಿದಿದ್ದರು. ಎದ್ದು ಹೋಗುವಾಗ ಹೇಳಿಯೇ ಹೋಗಿ. ಖಾಲಿ ಕುರ್ಚಿಯ ಜತೆ ಮಾತಾಡುತ್ತಾ ಕೂರುವಷ್ಟು ಅವಮಾನ ಬೇರೆ ಇಲ್ಲ.

ಇನ್ನು ದಾರಿಗಳು. ಕಿವುಡರ ಶಾಲೆಗೆ ಹೋದವರಿಗೆ ಸಂಜ್ಞಾ ಭಾಷೆ ಗೊತ್ತಿರುತ್ತದೆ. ಅವರು ತಮ್ಮ ಕೈಯನ್ನು ದುಭಾಷಿಯ ಕೈಯ ಮೇಲಿಟ್ಟು ಸಂಜ್ಞೆಯನ್ನು ಮುಟ್ಟಿಯೇ ಓದುತ್ತಾರೆ. ಅಂಧರ ಶಾಲೆಯಲ್ಲಿ ಓದಿದವರಿಗೆ ಬ್ರೈಲ್. ಇಂಗ್ಲಿಷ್ ಬಲ್ಲವರಿಗೆ ಬೆರಳ ಅಕ್ಷರಮಾಲೆ ಇದೆ: ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಎ, ಇ, ಐ, ಒ, ಯು ಎಂಬ ಐದು ಸ್ವರ, ಉಳಿದ ಅಕ್ಷರಗಳು ಅಂಗೈ, ಬೆರಳುಗಳ ಬೇರೆ ಬೇರೆ ಜಾಗದಲ್ಲಿ. ಯಾವುದೂ ಬಾರದ, ಆದರೆ ನಾಲ್ಕು ಕ್ಲಾಸು ಕನ್ನಡ ಓದಿದ ಹಿರಿಯರಿಗೆ ಅಂಗೈ ಮೇಲೆ ಬೆರಳಿನಿಂದ ಕನ್ನಡವನ್ನೇ ಬರೆಯುವುದು.

ಅಂಗೈ ಕನ್ನಡ ಸುಲಭ ಅಂತ ಅಂದುಕೊಂಡಿದ್ದೆ. ಅಲ್ಲ. ಒತ್ತಕ್ಷರ ಬಂತೋ, ಅಂಗೈಯ ಕೆಳಭಾಗದಲ್ಲಿ ಜಾಗವೇ ಇಲ್ಲ. "ಆಸ್ಪತ್ರೆ" ಬರೆಯಲು ಹೋಗಿ ನಾನು ಮೂರು ಸಲ ಸೋತೆ. ಬ್ರಹ್ಮಾವರದ ಆ ಅಣ್ಣನೇ ಉಪಾಯ ಹೇಳಿಕೊಟ್ಟರು: ಒತ್ತು ಬೇಡ, ಬಿಡಿಸಿ ಬರೆ, "ಆಸಪತರೆ" ಅಂತ. ತಲೆ ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಒಂದು ಅಕ್ಷರದ ಮೇಲೇ ಇನ್ನೊಂದನ್ನು ಬರೆಯಿರಿ, ಸಾಲಾಗಿ ಬರೆಯಬೇಡಿ. ಪದ ಮುಗಿದಾಗ ಅಂಗೈಯನ್ನು ಒಮ್ಮೆ ತಟ್ಟಿ. ತಪ್ಪಾದರೆ ಸ್ಲೇಟು ಒರೆಸಿದ ಹಾಗೆ ಅಂಗೈ ಒರೆಸಿ. ನಮ್ಮ ಊರಿನ ಸೆಕೆಗೆ ಅಂಗೈ ಬೆವತು ಬೆರಳು ಜಾರುತ್ತದೆ, ಹಾಗಾಗಿ ಒಂದು ಚಿಕ್ಕ ಬೈರಾಸು ಜತೆಗಿರಲಿ. ಯಾವ ತರಬೇತಿ ಪುಸ್ತಕದಲ್ಲೂ ನಾನು ಇದನ್ನು ಕಂಡಿಲ್ಲ.

ಮನೆಯೊಳಗಿನ ಭಾಷೆ ಯಾವುದು ಎಂಬುದನ್ನೂ ಬರೆದುಕೊಳ್ಳಿ. ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಯಾವುದೂ ಆಗಬಹುದು. ಕಾಪು ಕಡೆಯ ಒಬ್ಬ ಅಕ್ಕನಿಗೆ ಅಂಗೈ ಮೇಲೆ "ಮಳೆ" ಎಂದು ಬರೆದರೆ ಒಂದು ಕ್ಷಣ ತಡೆಯುತ್ತಿದ್ದರು, "ಬರ್ಸ" ಎಂದು ಬರೆದಾಗ ಕೂಡಲೇ ನಕ್ಕರು. ಲಿಪಿ ಕನ್ನಡ, ಮಾತು ತುಳು.

ಇಷ್ಟನ್ನೂ ಒಂದು ಪುಟದಲ್ಲಿ ಬರೆದಿಡಿ: ಎಷ್ಟು ಕಾಣುತ್ತದೆ, ಯಾವ ಕಿವಿಗೆ ಕೇಳುತ್ತದೆ, ಯಾವ ಕೈ, ಯಾವ ಭಾಷೆ, ಎಷ್ಟು ಹೊತ್ತಿಗೆ ದಣಿಯುತ್ತಾರೆ. ಆ ಪುಟ ಅವರದ್ದು. ಕಚೇರಿಯ ಕಡತಕ್ಕೆ ಸೇರಿಸುವ ಮುನ್ನ ಅವರನ್ನು ಕೇಳಿ.

ಹಂತ 4: ದುಭಾಷಿ-ಮಾರ್ಗದರ್ಶಕರನ್ನು ಸಿದ್ಧಮಾಡಿ

ಇವರ ಕೆಲಸ ಮೂರು: ಮಾತನ್ನು ಕೈಗೆ ದಾಟಿಸುವುದು, ಸುತ್ತ ಏನಾಗುತ್ತಿದೆ ಎಂದು ಹೇಳುವುದು ("ಡಿಸಿ ಮೊಬೈಲ್ ನೋಡ್ತಾ ಇದ್ದಾರೆ" ಎನ್ನುವುದೂ ಸೇರಿ), ದಾರಿ ತೋರಿಸುವುದು. ಒಬ್ಬ ಡೆಫ್‌ಬ್ಲೈಂಡ್ ವ್ಯಕ್ತಿಗೆ ಇಬ್ಬರು ಬೇಕು, ಸುಮಾರು 20 ನಿಮಿಷಕ್ಕೊಮ್ಮೆ ಬದಲಾಗಬೇಕು. ಒಬ್ಬರೇ ಎರಡು ಗಂಟೆ ಮಾಡಿದರೆ ಕೊನೆಯ ಒಂದು ಗಂಟೆ ಅರ್ಧಂಬರ್ಧ ಮಾತೇ ಕೈಗೆ ಹೋಗುವುದು.

ಮನೆಯವರನ್ನು ಈ ಕೆಲಸಕ್ಕೆ ಕೂರಿಸಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ, ಎಷ್ಟೋ ಮಂದಿ ಒಪ್ಪುವುದಿಲ್ಲ. ತಮ್ಮನೋ ಅತ್ತಿಗೆಯೋ ಕೆಟ್ಟವರಲ್ಲ, ದಿನವೂ ಊಟ, ಸ್ನಾನ, ಔಷಧಿ ನೋಡಿಕೊಂಡು ದಣಿದವರು. ಆದರೆ "ಪಿಂಚಣಿ ಹಣ ನನ್ನ ಕೈಗೇ ಬರಬೇಕು" ಎಂದು ಹೇಳಬೇಕಾದ ಮಾತನ್ನು ಆ ಹಣ ತರುವ ತಮ್ಮನೇ ದಾಟಿಸಬೇಕಾದರೆ ಅದು ದಾಟೀತೇ? ಮನೆಯವರಿಗೆ ಅವರದೇ ಅಹವಾಲು ಇರುತ್ತದೆ, ಅದನ್ನು ಬೇರೆ ಹೊತ್ತಿನಲ್ಲಿ ಕೇಳಿ, ಬೇರೆಯಾಗಿಯೇ ಬರೆದುಕೊಳ್ಳಿ.

ಎಲ್ಲಿಂದ ತರುವುದು? ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಸಮಾಜಕಾರ್ಯ, ನರ್ಸಿಂಗ್, ಶ್ರವಣ-ವಾಕ್ ವಿಜ್ಞಾನ ಓದುವ ಮಕ್ಕಳು ಬೇಕಾದಷ್ಟಿದ್ದಾರೆ. ಅಂಗೈ ಬರಹ, ದಾರಿ ತೋರಿಸುವುದು, ಸುತ್ತಲಿನ ವಿವರ ಹೇಳುವುದು, ಇಷ್ಟನ್ನು ಕೆಲವು ವಾರಾಂತ್ಯಗಳಲ್ಲಿ ಕಲಿಸಬಹುದು. ಕಲಿಸಬೇಕಾದವರು ಡೆಫ್‌ಬ್ಲೈಂಡ್ ಜನರೇ, ಅದಕ್ಕೆ ಅವರಿಗೆ ಗೌರವಧನ ಕೊಡಿ. ಮುಟ್ಟಿ ಓದುವ ಸಂಜ್ಞಾ ಭಾಷೆಗೆ ಮಾತ್ರ ತರಬೇತಾದ ದುಭಾಷಿಯೇ ಬೇಕು, ಅಲ್ಲಿ ಅಡ್ಡದಾರಿ ಇಲ್ಲ. 1997ರಿಂದ ಕೆಲಸ ಮಾಡುತ್ತಿರುವ ಅಹಮದಾಬಾದಿನ ಸೆನ್ಸ್ ಇಂಟರ್‌ನ್ಯಾಷನಲ್ ಇಂಡಿಯಾದಂಥ ಸಂಸ್ಥೆಗಳನ್ನು ಮೊದಲೇ ಸಂಪರ್ಕಿಸಿ. ಹಣದ ಮಾತು ಬಂದಾಗ ಸ್ಥಳೀಯ ಸಂಸ್ಥೆಗಳ ಶೇ. 5ರ ವಿಕಲಚೇತನರ ನಿಧಿಯನ್ನು ನೆನಪಿಸಿ. ಗಾಲಿಕುರ್ಚಿ ಹಂಚಿ ಫೋಟೊ ತೆಗೆಸಿಕೊಳ್ಳುವ ಅಭ್ಯಾಸವಾದವರಿಗೆ ದುಭಾಷಿಯ ಸಂಬಳ ಖರ್ಚಿನ ಹಾಗೆ ಕಾಣುವುದೇ ಇಲ್ಲ, ಅದಕ್ಕೇ ಬಜೆಟಿನ ಮೊದಲ ಸಾಲಿನಲ್ಲಿ ಬರೆಯಿರಿ.

ಹಂತ 5: ಕಾಗದಗಳು ಮೊದಲೇ ತಲುಪಲಿ

ಸಭೆಯ ವಿಷಯ ಎರಡು ವಾರ ಮೊದಲು ಕೈಗೆ ಸಿಗಬೇಕು. ಮೂರು ವಿಷಯಕ್ಕಿಂತ ಹೆಚ್ಚು ಬೇಡ. ಸ್ವಲ್ಪ ಕಾಣುವವರಿಗೆ 20 ಪಾಯಿಂಟಿಗಿಂತ ದೊಡ್ಡ ಅಕ್ಷರ, ಮಿನುಗದ ಕಾಗದ. ಬ್ರೈಲ್ ಬಲ್ಲವರಿಗೆ ಕನ್ನಡ ಬ್ರೈಲ್. ಫೋನಿಗೆ ಬ್ರೈಲ್ ಡಿಸ್‌ಪ್ಲೇ ಜೋಡಿಸಿ ಓದುವವರಿದ್ದರೆ ಯೂನಿಕೋಡ್ ಪಠ್ಯವನ್ನೇ ಕಳಿಸಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಸುತ್ತೋಲೆ ಆ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತದೆ. ಸಹಿ-ಸೀಲು ಸಮೇತ ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಏನೂ ಬರುವುದಿಲ್ಲ.

ನಕ್ಷೆ ಇದ್ದರೆ ಮುಟ್ಟುವ ನಕ್ಷೆ ಮಾಡಿ. ಬಸ್ ನಿಲ್ದಾಣವೊಂದರದ್ದನ್ನು ನಾವು ರಟ್ಟಿನ ಮೇಲೆ ಮಾಡಿದ್ದೆವು: ರಸ್ತೆಗೆ ಸೆಣಬಿನ ಹಗ್ಗ, ಮೆಟ್ಟಿಲಿಗೆ ಬೆಂಕಿಕಡ್ಡಿ, ಶೌಚಾಲಯಕ್ಕೆ ಬಾಟಲಿಯ ಮುಚ್ಚಳ. ಖರ್ಚು ನೂರು ರೂಪಾಯಿಯೂ ಆಗಲಿಲ್ಲ.

ಹಂತ 6: "ನಿಮ್ಮ ಬೇಡಿಕೆ ಏನು?" ಎಂದು ಕೇಳಬೇಡಿ, ಜತೆಗೆ ನಡೆಯಿರಿ

ಬೇಡಿಕೆ ಏನೆಂದು ಕೇಳಿದರೆ ಪಿಂಚಣಿ ಹೆಚ್ಚಬೇಕು ಎನ್ನುತ್ತಾರೆ. ಅದು ನಿಜವೇ, ಆದರೆ ಅಷ್ಟಕ್ಕೇ ಮಾತು ಮುಗಿಯುತ್ತದೆ. ಜನ್ಮದಲ್ಲಿ ಯಾರೂ ಅಭಿಪ್ರಾಯ ಕೇಳಿರದವರಿಗೆ ಇದ್ದಕ್ಕಿದ್ದಂತೆ ನೀತಿ ರೂಪಿಸಿ ಎಂದರೆ ಹೇಗೆ? ಒಂದು ಸೇವೆಯನ್ನು ಆರಿಸಿ, ಅದನ್ನು ಅವರ ಜತೆ ಶುರುವಿನಿಂದ ಕೊನೆಯವರೆಗೆ ನಡೆಯಿರಿ, ಎಲ್ಲಿ ನಿಂತರೋ ಅಲ್ಲಿ ಬರೆದುಕೊಳ್ಳಿ.

ಸರ್ವಿಸ್ ಬಸ್ಸನ್ನೇ ತೆಗೆದುಕೊಳ್ಳಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸು ಯಾವುದೆಂದು ನಮಗೆ ಗೊತ್ತಾಗುವುದು ಬೋರ್ಡಿನಿಂದ, ಇಲ್ಲವೇ "ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಉಡ್ಪಿ, ಉಡ್ಪಿ" ಎಂದು ಕೂಗುವ ಕಂಡಕ್ಟರನಿಂದ. ಎರಡೂ ಇವರ ಪಾಲಿಗೆ ಇಲ್ಲ. ಇಳಿಯುವ ಜಾಗ ತಿಳಿಯುವುದು? ಕಾಪುವಿನ ಆ ಅಕ್ಕ ತಿರುವುಗಳನ್ನು ಮೈಯಲ್ಲೇ ಎಣಿಸುತ್ತಿದ್ದರು. ಹೆದ್ದಾರಿ ನೇರವಾದ ಮೇಲೆ ಎಣಿಸಲು ತಿರುವೇ ಉಳಿಯಲಿಲ್ಲ. ರಸ್ತೆ ಅಗಲವಾದದ್ದರಿಂದ ಒಬ್ಬರಿಗೆ ದಾರಿ ತಪ್ಪಿತು ಎಂಬುದು ಯಾವ ಇಂಜಿನಿಯರಿಗೆ ಹೊಳೆದೀತು? ಅವರೇ ಸೂಚಿಸಿದ್ದು ಸರಳ: ಊರಿನ ಹೆಸರು ದೊಡ್ಡದಾಗಿ ಬರೆದ ರಟ್ಟನ್ನು ಎತ್ತಿ ಹಿಡಿಯುತ್ತೇನೆ, ಕಂಡಕ್ಟರ್ ಬಂದು ತೋಳು ಮುಟ್ಟಲಿ, ಇಳಿಯುವಾಗ ಹೆಗಲು ಎರಡು ಸಲ ತಟ್ಟಲಿ. ಹಲವು ದೇಶಗಳಲ್ಲಿ ಕೆಂಪು ಪಟ್ಟೆಯ ಬಿಳಿ ಬೆತ್ತ ಡೆಫ್‌ಬ್ಲೈಂಡ್ ಜನರ ಗುರುತು. ಬಸ್ಸಿನವರ ತರಬೇತಿಯಲ್ಲಿ ಅದಕ್ಕೆ ಐದು ನಿಮಿಷ ಕೊಟ್ಟರೆ ಸಾಕು.

ಆಸ್ಪತ್ರೆಯಲ್ಲಿ ಟೋಕನ್ ಸಂಖ್ಯೆಯನ್ನು ಕೂಗುತ್ತಾರೆ, ಪರದೆಯಲ್ಲೂ ತೋರಿಸುತ್ತಾರೆ. ಎರಡೂ ವ್ಯವಸ್ಥೆ ಇದೆ ಎಂದು ಬೀಗುವಲ್ಲೇ ಇವರಿಗೆ ಎರಡೂ ಇಲ್ಲ. ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರ, ಬ್ಯಾಂಕಿನ ಒಟಿಪಿ, ಪಿಂಚಣಿಯ ಪರಿಶೀಲನೆ, ಪ್ರತಿಯೊಂದನ್ನೂ ಹೀಗೆಯೇ ನಡೆದು ನೋಡಿ.

ಹಂತ 7: ಸಭೆಯ ದಿನ

ಜೂನ್ ಕೊನೆಯ ವಾರ ಹೆಲನ್ ಕೆಲರ್ ಹುಟ್ಟುಹಬ್ಬದ ನೆಪದಲ್ಲಿ ಡೆಫ್‌ಬ್ಲೈಂಡ್ ಜಾಗೃತಿ ಸಪ್ತಾಹ ಮಾಡುತ್ತಾರೆ. ಕರಾವಳಿಯಲ್ಲಿ ಅದು ಸಭೆಗೆ ಅತ್ಯಂತ ಕೆಟ್ಟ ವಾರ. ತಗಡಿನ ಮಾಡಿನ ಮೇಲೆ ಮಳೆ ಹೊಡೆದರೆ ಶ್ರವಣ ಸಾಧನದಲ್ಲಿ ಬೇರೇನೂ ಕೇಳಿಸದು, ಒದ್ದೆ ಮೆಟ್ಟಿಲು, ಮೋಡದ ಮಬ್ಬು ಬೆಳಕು ಬೇರೆ. ಸಪ್ತಾಹ ಮಾಡಿ ಬೇಕಾದರೆ, ಸಮಾಲೋಚನೆಯನ್ನು ನವೆಂಬರ್ ಮೇಲೆ ಇಡಿ. ಇರುಳುಗಣ್ಣಿನವರು ಬೆಳಕಿರುವಾಗ ಮನೆ ಸೇರಬೇಕು, ಹಾಗಾಗಿ ಮೂರೂವರೆಗೆ ಮುಗಿಸಿ. ಉಡುಪಿಯ ಜಿಲ್ಲಾ ಕಚೇರಿ ಮಣಿಪಾಲದ ರಜತಾದ್ರಿಯಲ್ಲಿದೆ. ಬೈಂದೂರಿನಿಂದ ಬರುವವರಿಗೆ ಅರ್ಧ ದಿನ ಪ್ರಯಾಣಕ್ಕೇ ಹೋಗುತ್ತದೆ, ವಾಹನ ಕಳಿಸಿ.

ಕೋಣೆ ಚಿಕ್ಕದಿರಲಿ, ಹತ್ತು ಹನ್ನೆರಡು ಜನ. ದುಭಾಷಿಗಳು ಮೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ ಬಟ್ಟೆ ತೊಡಲಿ, ಉಗುರು ಕತ್ತರಿಸಿರಲಿ, ಘಾಟಿನ ಸೆಂಟು ಬೇಡ. ಒಬ್ಬರು ಮಾತಾಡಿದ ಮೇಲೆ ಇನ್ನೊಬ್ಬರು, ಮಾತಿಗೆ ಮೊದಲು ಹೆಸರು. ಪ್ರತಿ ಮಾತಿನ ಬಳಿಕ ಕೈಗಳು ನಿಲ್ಲುವವರೆಗೆ ಕಾಯುವುದು ಅಧ್ಯಕ್ಷರ ಕೆಲಸ. ನಲವತ್ತು ನಿಮಿಷಕ್ಕೊಮ್ಮೆ ಚಾ. ಚಾ ಕುಡಿಯುವಾಗ ಕೈಗೆ ಬಿಡುವಿಲ್ಲ, ಅಂದರೆ ಆಗ ಮಾತಿಲ್ಲ. ಮುಖ್ಯ ವಿಷಯವನ್ನು ಚಾ ಹೊತ್ತಿನಲ್ಲಿ ಮಾತಾಡಿ ಮುಗಿಸುವ ನಮ್ಮ ಅಧಿಕಾರಿಗಳ ಚಾಳಿಯನ್ನು ಆ ದಿನವಾದರೂ ಬಿಡಿಸಬೇಕು.

ಅಭಿಪ್ರಾಯ ಎಣಿಸಲು ಕೈ ಎತ್ತಿ ಎನ್ನಬೇಡಿ, ಬೇರೆಯವರು ಎತ್ತಿದ್ದು ಅವರಿಗೆ ತಿಳಿಯದು. ಒಪ್ಪಿಗೆಗೆ ಒಂದು ಅಡಿಕೆ, ಬೇಡ ಎನ್ನಲು ಒಂದು ಗೇರುಬೀಜ, ಬಟ್ಟಲಿಗೆ ಹಾಕಿ. ಕೊನೆಗೆ ಬಟ್ಟಲು ಎಲ್ಲರ ಕೈಗೂ ಹೋಗಲಿ, ಅವರೇ ಎಣಿಸಲಿ.

ಹಂತ 8: ತೀರ್ಮಾನ ಆಗುವ ಮೇಜು ಯಾವುದೋ ಅಲ್ಲಿಗೆ ಕೊಂಡೊಯ್ಯಿರಿ

ಕೆಳಗಿನಿಂದ ಶುರು ಮಾಡಿ. ಪಂಚಾಯತಿನ ವಿಕಲಚೇತನರ ವಿಶೇಷ ಗ್ರಾಮಸಭೆ, ಅಲ್ಲಿ ನಡಾವಳಿ ಪುಸ್ತಕಕ್ಕೆ ಸೇರಿದ ಒಂದು ಸಾಲಿಗೂ ತೂಕವಿದೆ. ಮಂಗಳೂರು ನಗರದ ವಿಷಯವಾದರೆ ಲಾಲ್‌ಬಾಗಿನ ಪಾಲಿಕೆ ಕಚೇರಿ. ಮೇಲೆ, ಕಾಯ್ದೆಯ 72ನೇ ಕಲಂ ಪ್ರಕಾರದ ಜಿಲ್ಲಾ ಸಮಿತಿ. ಅದಕ್ಕೂ ಮೇಲೆ 66ನೇ ಕಲಂನ ರಾಜ್ಯ ಸಲಹಾ ಮಂಡಳಿ, ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸಮಿತಿಯಲ್ಲಿ ಡೆಫ್‌ಬ್ಲೈಂಡ್ ವ್ಯಕ್ತಿಗೊಂದು ಕುರ್ಚಿ ಕೇಳುವಾಗ ದುಭಾಷಿಯ ಖರ್ಚನ್ನೂ ಅದೇ ಪತ್ರದಲ್ಲಿ ಕೇಳಿ, ದುಭಾಷಿ ಸದಸ್ಯರಲ್ಲ ಎಂದೂ ಬರೆಯಿರಿ. ಇಲ್ಲವಾದರೆ "ಒಬ್ಬರಿಗೆ ಮೂರು ಕುರ್ಚಿಯಾ?" ಎಂಬ ಮಾತು ಬರುತ್ತದೆ, ಬಂದಿದೆ. ಎಲ್ಲೂ ಕಿವಿಗೊಡದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು.

ಹಂತ 9: ಏನಾಯಿತೆಂದು ಅದೇ ಕೈಗೆ ಹೇಳಿ

ಒಂದು ತಿಂಗಳೊಳಗೆ ಮತ್ತೆ ಮನೆಗೆ ಹೋಗಿ. ಒಪ್ಪಿದ್ದು ಯಾವುದು, ಒಪ್ಪದ್ದು ಯಾವುದು, ಯಾಕೆ ಒಪ್ಪಲಿಲ್ಲ, ಮೂರನ್ನೂ ಹೇಳಿ. ನಡಾವಳಿಯನ್ನು ಅಂತಿಮ ಮಾಡುವ ಮೊದಲು ಓದಿ ಹೇಳಿದರಂತೂ ಇನ್ನೂ ಒಳ್ಳೆಯದು. ಹೊತ್ತು ಹಿಡಿಯುತ್ತದೆ: ಒಂದು ಪುಟವನ್ನು ಅಂಗೈ ಮೇಲೆ ಬರೆಯಲು ನನಗೆ ಮುಕ್ಕಾಲು ಗಂಟೆ ಬೇಕಾಯಿತು.

ಬ್ರಹ್ಮಾವರದ ಅಣ್ಣ ಆಮೇಲೆ ನಾವು ನಡೆಸಿದ ಮೂರು ಸಭೆಗಳಿಗೆ ಬಂದರು. ಮೂರನೆಯದರ ಕರಡನ್ನು ಹಿಡಿದುಕೊಂಡು ಅವರ ಮನೆಯ ಜಗಲಿಯಲ್ಲಿ ಕೂತಿದ್ದೆ. "ಬಸ್ ನಿಲ್ದಾಣದ ಮೆಟ್ಟಿಲು ತಗ್ಗಿಸಬೇಕು" ಎಂದು ಬರೆದೆ, ಒತ್ತಕ್ಷರ ಬಿಡಿಸಿ. ಅವರು ನನ್ನ ಬೆರಳನ್ನು ಬದಿಗೆ ಸರಿಸಿ ತಮ್ಮ ಅಂಗೈಯನ್ನು ತಾವೇ ಒರೆಸಿದರು. ಬಳಿಕ ನನ್ನ ಕೈಯನ್ನು ಮಗುಚಿ ಹಿಡಿದು ನಿಧಾನವಾಗಿ ಬರೆದರು: ನಿಲದಾಣ ಅಲಲ. ಬಸಸು. ಬಸಸಿನ ಮೆಟಟಿಲು. ನಾನು ಪೆನ್ನು ತೆಗೆದು ಕರಡಿನ ಸಾಲು ಹೊಡೆದು ಹಾಕಿದೆ. ಅವರು ಕಾಗದದ ಮೇಲೆ ಕೈಯಿಟ್ಟು, ಪೆನ್ನು ಓಡುವುದು ನಿಲ್ಲುವವರೆಗೆ ಹಾಗೇ ಇದ್ದರು.